ಒಂದು ಗಂಟೆಯವರೆಗೆ ಉಣ್ಣದ ಅಯ್ಯನೋರು

ನಮ್ಮ ಅಯ್ಯನೋರು ರೇವಣಸಿದ್ದಯ್ಯನವರನ್ನು ನೀವು ಒಮ್ಮೆ ನೋಡಿದ್ದರೆ, ಅವರು ಡಯಟ್ ಮಾಡಿದರು ಎಂದಾಗ ನಕ್ಕುಬಿಡುತ್ತೀರಿ. ಐವತ್ತು ದಾಟಿದರೂ ಹೊಟ್ಟೆ ಬಂದಿಲ್ಲ, ಬೆನ್ನು ಬಾಗಿಲ್ಲ. ಮನೆ ಆಂಧ್ರದ ಆದೋನಿಯಲ್ಲಿ. ಆಸ್ಪರಿ ಸುತ್ತಲಿನ ನಮ್ಮ ಹಳ್ಳಿಗಳಿಗೆಲ್ಲ ಮೊಪೆಡ್ ಮೇಲೆ ಬರುತ್ತಾರೆ. ಕೂಸಿಗೆ ಹೆಸರಿಡಬೇಕೆಂದರೂ ಅವರೇ, ಬೋರು ಕೊರೆಸಬೇಕೆಂದರೂ ಅವರೇ. ನಮ್ಮ ಮನೆಯಲ್ಲಿ ಕನ್ನಡ ಮಾತಾಡುತ್ತಾರೆ, ಪಕ್ಕದ ಮನೆಯಲ್ಲಿ ತೆಲುಗು, ಮೊಪೆಡ್ ಕೆಟ್ಟರೆ ಮೆಕ್ಯಾನಿಕ್ ಜೊತೆ ಉರ್ದು. ಆರೋಗ್ಯ ಶಿಬಿರದಲ್ಲಿ ಅವರನ್ನು ತೂಗಿದ ನರ್ಸಮ್ಮ, "ಎತ್ತರಕ್ಕ ತಕ್ಕಂಗ ಐತ್ರಿ ತೂಕ, ಹಿಂಗೇ ಇರ್ರಿ" ಅಂದಿದ್ದಳಂತೆ. ಇವರು ಹಾಗೇ ಇರಬೇಕಿತ್ತು.

ಅಯ್ಯನೋರ ಮುಖ್ಯ ಕೆಲಸ ಊಟ. ತಮಾಷೆಗೆ ಹೇಳುತ್ತಿಲ್ಲ. ಸೋಮವಾರ, ಅಮಾವಾಸ್ಯೆ, ಹಿರಿಯರ ನೆನಪಿನ ದಿನ ನಾವು ಅಯ್ಯನೋರಂಥ ಜಂಗಮರನ್ನು ಊಟಕ್ಕೆ ಕರೆಯುತ್ತೇವೆ. ಅದಕ್ಕೆ ಬಿನ್ನ ಎಂದು ಹೆಸರು. ಮೊದಲು ಅವರ ಪಾದಪೂಜೆ, ಆಮೇಲೆ ಅವರ ಊಟ. ಅವರು ಉಂಡ ಮೇಲೆ ಉಳಿದದ್ದು ಪ್ರಸಾದ, ಆಗಲೇ ಮನೆಯವರ ತಟ್ಟೆಗೆ ಬೀಳುವುದು. ನಮ್ಮ ಅಯ್ಯನೋರು ಉಣ್ಣುವುದನ್ನು ನೋಡುವುದೇ ಚಂದ. "ಗುರೆಳ್ಳು ಚಟ್ನಿ ಈ ಸಲ ಭಾಳ ಚಲೋ ಆಗೈತಿ ನೋಡವ್ವಾ" ಎಂದು ಹೆಸರು ಹಿಡಿದು ಹೊಗಳುತ್ತಾರೆ. ನನ್ನ ಗಂಡನ ಬಾಯಿಂದ ಅಂಥ ಮಾತು ಮದುವೆಯಾದಾಗಿನಿಂದ ಬಂದಿಲ್ಲ.

ಈ ಸುಖಕ್ಕೆ ಕಲ್ಲು ಹಾಕಿದವನು ಚೇತನ, ಆದೋನಿಯ ಹತ್ತಿ ವ್ಯಾಪಾರಿಯೊಬ್ಬರ ಮಗ. ದಿನಾ ಜಿಮ್ಮಿಗೆ ಹೋಗುವ ಹುಡುಗ. ಅವರ ಮನೆಯ ಬಿನ್ನದ ದಿನ ಅಯ್ಯನೋರು ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳುವಾಗ, "ಅಯ್ನೋರಿಗೇನ್ರಿ, ಉಂಬಾದೇ ಡ್ಯೂಟಿ" ಅಂದುಬಿಟ್ಟನಂತೆ. ಎಲ್ಲರೂ ನಕ್ಕರು, ಅಯ್ಯನೋರೂ ನಕ್ಕರು. ಆದರೆ ಆ ಮಾತು ಮುಳ್ಳಿನ ಹಾಗೆ ಒಳಗೆ ನಾಟಿತು. ಮರುವಾರ ತಾವೇ ಹೋಗಿ ಅವನನ್ನು ಕೇಳಿದರು: "ನೀ ಮಾಡ್ತೀಯಲ್ಲಪ್ಪಾ, ಟೈಮ್ ನೋಡಿ ಉಂಬಾದು, ಅದನ್ನ ನನಗೂ ಹೇಳಿಕೊಡು." ಚೇತನನಿಗೆ ಶಿಷ್ಯ ಸಿಕ್ಕ ಖುಷಿ. ಮಧ್ಯಾಹ್ನ ಒಂದು ಗಂಟೆಯವರೆಗೆ ನೀರು ಬಿಟ್ಟು ಏನೂ ಇಲ್ಲ, ರಾತ್ರಿ ಒಂಬತ್ತರ ಮೇಲೆ ಬಾಯಿಗೆ ಬೀಗ ಎಂದು ಕಲಿಸಿದ. ಇಳಿಸುವುದಕ್ಕೆ ಮೈಯಲ್ಲಿ ಏನಾದರೂ ಇದೆಯೇ ಎಂದು ಗುರುವೂ ಕೇಳಲಿಲ್ಲ, ಶಿಷ್ಯನೂ ಯೋಚಿಸಲಿಲ್ಲ.

ಇದನ್ನೆಲ್ಲ ನನಗೆ ಹೇಳಿದವರು ಅಯ್ಯನೋರ ಹೆಂಡತಿ ವಿಜಯಶ್ರೀ. "ಏನೈತಂತ ಕರಗಿಸ್ತೀರಿ ಅಂತ ಕೇಳಿದ್ರ ಕೊಬ್ಬು ಅಂತಾರ. ಎಲ್ಲೈತಿ ತೋರಸ್ರಿ ಅಂದ್ರ ಸಿಟ್ಟಾಗ್ತಾರ" ಎಂದು ಫೋನಿನಲ್ಲಿ ಗೋಳಾಡಿದರು. ಸಿಟ್ಟೆಂಬುದು ಆ ಮನುಷ್ಯನಿಗೆ ಗೊತ್ತೇ ಇರಲಿಲ್ಲ, ಈಗ ಮೂಗಿನ ತುದಿಗೆ ಬಂದು ಕೂತಿತ್ತು. ಕೆನ್ನೆ ಒಳಗೆ ಹೋಯಿತು, ಅಂಗಿ ತೋಳು ಜೋತುಬಿತ್ತು. ಒಂದು ಮನೆಯಲ್ಲಿ ಮಂತ್ರ ಹೇಳುವಾಗ ಅವರ ಹೊಟ್ಟೆ ಮಂತ್ರಕ್ಕಿಂತ ಜೋರಾಗಿ ಗುರುಗುಟ್ಟಿ, ಕೂತ ಮಕ್ಕಳೆಲ್ಲ ಬಾಯಿ ಮುಚ್ಚಿಕೊಂಡು ನಕ್ಕರಂತೆ.

ನನಗೆ ಮಾತ್ರ ನಗು ಬರುತ್ತಿರಲಿಲ್ಲ. ಪೂಜೆ ಬೆಳಿಗ್ಗೆಯೇ ಆಗಬೇಕು, ಊಟ ಒಂದು ಗಂಟೆಗೆ. ಅಲ್ಲಿಯತನಕ ಅಯ್ಯನೋರು ಪಡಸಾಲೆಯಲ್ಲಿ ಕಂಬಳಿಯ ಮೇಲೆ ಕಣ್ಣು ಮುಚ್ಚಿ ಕೂರುವರು, ನಾವು ಒಳಗೆ ಅಡುಗೆಯ ವಾಸನೆ ಕುಡಿಯುತ್ತ ಕೂರಬೇಕು. "ನೀವು ಉಂಡ್ಬಿಡ್ರಿ, ನನ್ನ ಹಾದಿ ನೋಡಬ್ಯಾಡ್ರಿ" ಅನ್ನುತ್ತಿದ್ದರು ನಿಜ. ಹೇಳುವುದು ಸುಲಭ. ಅವರಿಗಿಂತ ಮುಂಚೆ ತುತ್ತು ಎತ್ತುವ ಮನೆ ನಮ್ಮ ಕಡೆ ಯಾವುದಿದೆ? ನನಗೆ ಹಸಿವೆ ತಡೆಯುವುದಿಲ್ಲ. ಹಸಿದಾಗ ನಾನು ಒಳ್ಳೆಯ ಸೊಸೆಯೂ ಅಲ್ಲ.

ಮಾವನವರ ನೆನಪಿನ ದಿನ ಬಂತು. ನನ್ನ ಅತ್ತೆ ಎರ್ರಮ್ಮನಿಗೆ ಸಕ್ಕರೆ ಕಾಯಿಲೆ. ಗುಳಿಗೆ ನುಂಗಿದ ಮೇಲೆ ಊಟ ತಡವಾಗಬಾರದೆಂದು ಡಾಕ್ಟರು ಗಟ್ಟಿಯಾಗಿ ಹೇಳಿದ್ದರು. ಆಕೆಗೆ ಗಂಡನ ದಿನದ ಸಡಗರ. ಬೆಳಿಗ್ಗೆ ರೂಢಿಯಂತೆ ಗುಳಿಗೆ ನುಂಗಿ ಅಡುಗೆಗೆ ಇಳಿದಿದ್ದಳು. ಅದು ನನಗೆ ಗೊತ್ತಾದದ್ದು ಪೂಜೆ ಮುಗಿದ ಮೇಲೆ. ಬಾಳೆಹಣ್ಣು ಹಿಡಿದು ಆಕೆಯ ಹತ್ತಿರ ಓಡಿದೆ.

"ಅತ್ತಿ, ಒಂದು ಬಾಳೆಹಣ್ಣರ ತಿನ್ರಿ."

"ಸುಮ್ಕಿರು. ಅಯ್ನೋರು ಉಣ್ಲಾರದ ನಾ ಬಾಯಾಗ ಹಾಕಂಗಿಲ್ಲ. ಅದೂ ಇವತ್ತ."

"ಗುಳಿಗಿ ನುಂಗೀರಲ್ರಿ."

"ಪರವಾಲೇದು, ಏನಾಗಂಗಿಲ್ಲ. ಇನ್ನೇನು ಒಂದಾಗ್ತೈತಿ."

ಒಂದಾಗಲು ಇನ್ನೂ ಬಹಳ ಹೊತ್ತಿತ್ತು. ಅತ್ತೆ ಪಡಸಾಲೆಗೆ ಹೋಗಿ ಕಂಬಕ್ಕೆ ಒರಗಿ ಕೂತಳು. ತಂಪು ಹೊತ್ತು, ಆದರೂ ಆಕೆಯ ಹಣೆಯ ಮೇಲಿನ ವಿಭೂತಿ ಬೆವರಿಗೆ ಕರಗುತ್ತಿತ್ತು. ಅಯ್ಯನೋರು ನೀರು ಕೇಳಿದರು. ಆಕೆ ಕೊಡಲು ಹೋದಾಗ ಕೈ ನಡುಗಿ ಅರ್ಧ ಚೊಂಬು ಅವರ ಧೋತರದ ಮೇಲೇ ಚೆಲ್ಲಿತು. ಆಕೆ ಏನೋ ಹೇಳಹೋದಳು, ಮಾತು ತೊದಲಿತು. ನಾನು ಬೆಲ್ಲದ ನೀರು ತಂದು ಬಾಯಿಗೆ ಹಿಡಿದರೆ ಮುಖ ತಿರುಗಿಸಿದಳು.

ನನಗೆ ಇನ್ನು ತಾಳಲಾಗಲಿಲ್ಲ. "ಅಯ್ನೋರೇ, ಅತ್ತಿದು ಶುಗರ್ ಇಳದೈತ್ರಿ. ನೀವು ಉಣ್ಲಾರದ ಆಕಿ ಏನೂ ಮುಟ್ಟಂಗಿಲ್ಲ. ಆಕಿಗೆ ಏನರ ಆದ್ರ ನಿಮ್ಮ ಒಂದು ಗಂಟಿ ತಗೊಂಡು ನಾ ಏನ್ ಮಾಡ್ಲಿ?"

ಜಂಗಮರಿಗೆ ಹಾಗೆ ಏರುದನಿಯಲ್ಲಿ ಮಾತಾಡಿದ್ದು ಜೀವಮಾನದಲ್ಲಿ ಅದೇ ಮೊದಲು. ಅಯ್ಯನೋರು ಗಡಿಯಾರದತ್ತ ನೋಡಲಿಲ್ಲ. ಎದ್ದು ಬಂದು ನನ್ನ ಕೈಯಿಂದ ಲೋಟ ಕಸಿದುಕೊಂಡರು. ಕೈ ತೊಳೆಯದೆ, ಮಂತ್ರ ಹೇಳದೆ, ನಿಂತಲ್ಲೇ ಒಂದು ಗುಟುಕು ಕುಡಿದರು. ಆಮೇಲೆ ಅತ್ತೆಯ ಎದುರು ನೆಲದ ಮೇಲೆ ಕೂತು ಲೋಟವನ್ನು ಆಕೆಯ ತುಟಿಗೆ ಹಿಡಿದರು.

"ಪ್ರಸಾದ ಆತು, ತಾಯೀ. ಕುಡಿ."

ಅತ್ತೆ ಕುಡಿದಳು, ಪೂರ್ತಿ ಕುಡಿದಳು. ಸ್ವಲ್ಪ ಹೊತ್ತಿಗೆ ಕೈ ನಡುಕ ನಿಂತಿತು, ಕಣ್ಣು ನಿಚ್ಚಳವಾದವು. ಚೇತರಿಸಿಕೊಂಡ ಕೂಡಲೇ ನನ್ನನ್ನು ಬಯ್ದಳು, "ಅಯ್ನೋರ್ನ ನೆಲದ ಮ್ಯಾಲೆ ಕುಂದ್ರಿಸೀಯಲ್ಲ" ಎಂದು. ಆ ಬೈಗುಳ ಕೇಳಿ ನನಗೆ ಅಳು ಬಂತು. ಅಷ್ಟು ಹೆದರಿದ್ದೆ.

ಅಯ್ಯನೋರು ಅಲ್ಲಿಂದ ಏಳಲಿಲ್ಲ. "ಭುವನಾ, ಇಷ್ಟು ತಿಂಗಳೂ ನೀವು ಹಿಂಗೇ ಕಾಯ್ತಿದ್ರೇನು?" ಎಂದು ಕೇಳಿದರು.

"ಹೂನ್ರೀ."

"ಒಳಗ ಉಂಡಿರ್ತೀರಿ ಅನ್ಕಂಡಿದ್ದೆ. ಎಲ್ಲಾ ಮನ್ಯಾಗೂ ಹಿಂಗೇ ಏನು?"

"ಬ್ಯಾರೆ ಹೆಂಗಿರ್ತೈತ್ರಿ?"

ಅವರು ತಲೆ ತಗ್ಗಿಸಿದರು. ಎಷ್ಟು ಮನೆ, ಎಷ್ಟು ಮುದುಕರು, ಎಷ್ಟು ಮಕ್ಕಳು ಎಂದು ಮನಸ್ಸಿನಲ್ಲೇ ಊರೂರು ಸುತ್ತಿ ಬರುತ್ತಿದ್ದರೇನೋ. ಕಣ್ಣಲ್ಲಿ ನೀರಿತ್ತು, ಅದನ್ನು ಮರೆಮಾಚಲೂ ಇಲ್ಲ. "ಒಬ್ಬ ಹುಡುಗನ ಮಾತು ತಪ್ಪು ಅಂತ ತೋರ್ಸಾಕ ಊರನ್ನೆಲ್ಲ ಉಪವಾಸ ಕೆಡವಿದೆ" ಅಂದರು.

ನಾನು ಅವರಿಗೆ ಎಲೆ ಹಾಕಿದೆ. ಅವರು ಕೂತು ನನ್ನ ಮುಖ ನೋಡಿದರು.

"ನೀ ಬೆಳಿಗ್ಗೆಯಿಂದ ಏನರ ತಿಂದೀಯೇನವ್ವಾ?"

ಇಷ್ಟು ವರ್ಷ ಬಿನ್ನಕ್ಕೆ ಬಡಿಸಿದ್ದೇನೆ, ಯಾರೂ ಇದನ್ನು ಕೇಳಿರಲಿಲ್ಲ. ಇಲ್ಲವೆಂದು ತಲೆಯಾಡಿಸಿದೆ.

"ಹಂಗಾರ ಇನ್ನೂ ಎರಡು ಎಲಿ ಹಾಕು. ಎರ್ರಮ್ಮ ತಾಯಿಗೊಂದು, ನಿನಗೊಂದು. ನಾ ಕಾಯ್ತೀನಿ."