ಮಿರ್ಚಿ ತಿಂದು ಬಂದ ಅನುಮಾನ

ಮಿರ್ಚಿ ಎಣ್ಣೆಗೆ ಬಿದ್ದಾಗ ಏಳುವ ‘ಚುಂಯ್’ ಸದ್ದಿಗೆ ಬೆಚ್ಚಿ ಬೀಳುವ ಬಳ್ಳಾರಿಯವನು ಜಗತ್ತಿನಲ್ಲಿ ನಾನೊಬ್ಬನೇ ಇರಬೇಕು. ಬೆಚ್ಚಿದ ಮೇಲೂ ಎರಡು ಪ್ಲೇಟು ತಿನ್ನುತ್ತೇನೆ ಎನ್ನುವುದು ಬೇರೆ ಮಾತು. ಆದರೆ ಆ ಸದ್ದಿನೊಂದಿಗೆ ಕುರುಗೋಡಿನ ಒಂದು ಬೆಳಗು, ಮಂಜು ಮುಸುಕಿದ ಊರಿನಂತೆ, ಮೆಲ್ಲಗೆ ತೇಲಿ ಬರುತ್ತದೆ.

ಕಾಲೇಜಿನಲ್ಲಿ ಪ್ರಜಾಪ್ರಭುತ್ವದ ಪಾಠ ಹೇಳುವ ನನ್ನನ್ನು ಚುನಾವಣೆಯ ಕೆಲಸಕ್ಕೆ ಹಾಕಿದ್ದರು. ಮತದಾನಕ್ಕೆ ಮೊದಲು ಎಲ್ಲ ಪಕ್ಷಗಳ ಏಜೆಂಟರ ಎದುರು ಯಂತ್ರಕ್ಕೆ ಅಣಕು ಮತ ಹಾಕಿ, ಎಣಿಸಿ, ಅಳಿಸಿ ತೋರಿಸುವುದು ಪದ್ಧತಿ. ಒಬ್ಬ ಏಜೆಂಟ್, ಎರ್ರಿಸ್ವಾಮಿ, ಮಂಡಕ್ಕಿ ಒಗ್ಗರಣೆ-ಮಿರ್ಚಿ ತಿನ್ನಲು ಹೋಗಿದ್ದ. ಕಾದು ಕಾದು, ಉಳಿದವರೆದುರು ಶುರುಮಾಡಿದೆವು. ಬಾಯಿ ಒರೆಸಿಕೊಳ್ಳುತ್ತ ಬಂದವನಿಗೆ ಕಂಡದ್ದು ಯಂತ್ರದಿಂದ ಉದುರಿದ ಅಣಕು ಮತದ ಚೀಟಿಗಳು.

“ಲೇ, ಬಾಗಲಾ ತೆಗಿಯೋಕ್ಕಿಂತ ಮದ್ಲ ವೋಟ್ ಬಿದ್ದಾವಲೇ!”

ಆ ಕೂಗು ಹೊರಗಿನ ಸಾಲನ್ನು ಗುಂಪಾಗಿಸಿತು. ನಾನು ಕಿಟಕಿಯ ಬಳಿ ನಿಂತು ಶುದ್ಧ ಪಠ್ಯಪುಸ್ತಕದ ಭಾಷೆಯಲ್ಲಿ, “ದಯವಿಟ್ಟು ವ್ಯವಸ್ಥೆಯ ಮೇಲೆ ವಿಶ್ವಾಸವಿಡಿ” ಎಂದೆ. ಉತ್ತರವಾಗಿ ಕೆಮ್ಮಣ್ಣು ಮೆತ್ತಿದ ಒಂದು ಕಲ್ಲು ಬಂತು. ಗಾಜು ಕಿವಿಯ ಪಕ್ಕದಲ್ಲೇ ಸುರಿಯಿತು. ಆ ಕಲ್ಲು ಈಗಲೂ ಕನಸಿನಲ್ಲಿ ಬರುತ್ತದೆ, ಹತ್ತಿಯ ಅರಳೆಯಷ್ಟು ಹಗುರವಾಗಿ, ನಿಧಾನವಾಗಿ, ಪ್ರತಿ ಸಲವೂ ಕೂದಲೆಳೆಯಷ್ಟು ಹತ್ತಿರವಾಗಿ.

ಬಾಗಿಲು ಮುರಿಯುವುದೊಂದು ಬಾಕಿ. ಆಗ ಸಾಲಿನ ಮುಂದಿದ್ದ ಗಂಗಮ್ಮ ಹೊಸ್ತಿಲಿಗೆ ಅಡ್ಡ ನಿಂತರು. ಹಿಂದೆ ಪುರಸಭೆಯ ಅಧ್ಯಕ್ಷೆಯಾಗಿದ್ದವರು. ಯಾವ ಪಕ್ಷ ಮತ ಕದ್ದಿದೆಯೆಂದು ಜನ ಕೂಗುತ್ತಿದ್ದರೋ ಅದೇ ಪಕ್ಷದವರು.

“ನಮ್ಮೋರು ಕದ್ದಾರಂತೀರಿ. ಕದ್ದು ಗೆದ್ರ ನಾಳೆ ಈ ಓಣ್ಯಾಗ ನಾ ಹೆಂಗ ಅಡ್ಡಾಡ್ಲಿ? ಸರ, ಎಲ್ಲಾ ಅಳಿಸಿ ಮದ್ಲಿಂದ ಮಾಡ್ರಿ. ಎರ್ರಿಸ್ವಾಮೀನ ಗುಂಡಿ ಒತ್ತಲಿ.”

“ತಡ ಆಗತೈತಮ್ಮ,” ಎಂದರು ಸಿರುಗುಪ್ಪದಿಂದ ಬಂದಿದ್ದ ಮತಗಟ್ಟೆ ಅಧಿಕಾರಿ.

“ಆಗ್ಲಿ ಬಿಡ್ರಿ. ಅನುಮಾನ ಹೊತ್ಕೊಂಡು ಮನಿಗೆ ಹೋಗೋದಕ್ಕಿಂತ ಬಿಸಲಾಗ ನಿಂದ್ರೋದು ಚಲೋ. ಲೇ ಎರ್ರಿಸ್ವಾಮಿ, ಮದ್ಲ ಕೈ ತೊಳಕೋ, ಎಣ್ಣಿ ಐತಿ!”

ಗುಂಪಿನಲ್ಲಿ ಯಾರೋ ನಕ್ಕರು.

ಎರ್ರಿಸ್ವಾಮಿ ಗುಂಡಿ ಒತ್ತಿದ, ಚೀಟಿ ಎಣಿಸಿದ, ಎಲ್ಲ ಅಳಿಸಿದ್ದನ್ನು ಬಗ್ಗಿ ನೋಡಿದ. ಒಡೆದ ಕಿಟಕಿಯತ್ತ ಹೋಗಿ, “ಖಾಲಿ ಐತ್ರಲೇ, ನಾನ ನೋಡೀನಿ. ಸಾಲಿಗೆ ನಿಂದರ್ರಿ,” ಎಂದ. ನನ್ನ ಉಪದೇಶಕ್ಕೆ ಕಲ್ಲೆಸೆದ ಜನ ಅವನ ಒಂದು ಮಾತಿಗೆ ಸಾಲಾದರು. ‘ನಂಬಿ’ ಎಂದು ಬೇಡುವುದು ನನ್ನಂಥ ಪಂಡಿತರ ಕೆಲಸ. ನಂಬದವನನ್ನು ಒಳಗೆ ಕರೆದು ಅವನ ಕೈಗೇ ಯಂತ್ರ ಕೊಡುವುದು ಗಂಗಮ್ಮನಂಥವರ ಕೆಲಸ.

ಬೆರಳಿಗೆ ಶಾಯಿ ಹಚ್ಚುವ ಪಾಳಿ ನನ್ನದಾಗಿತ್ತು. ಒಬ್ಬ ನನ್ನ ಮಣಿಕಟ್ಟು ಹಿಡಿದು ನಿಲ್ಲಿಸಿ, “ಸಾವಕಾಶ ಹಚ್ಚ್ರಿ ಸರ, ಯಾಕ ನಡುಗತೀರಿ?” ಎಂದ. ಅವನ ಅಂಗೈಗೆ ಕೆಮ್ಮಣ್ಣು ಮೆತ್ತಿತ್ತು. ನಾನು ತಲೆಯೆತ್ತಿ ಮುಖ ನೋಡಲಿಲ್ಲ. ಅವನ ಬೆರಳಿಗೂ ಎಲ್ಲರಷ್ಟೇ ಉದ್ದದ ಗೆರೆ ಎಳೆದೆ.