ನಾನು ಬೇಡವೆನ್ನಿಸಿದ ಎರಡು ವಿಮಾನಗಳು

ಆ ಇಂಗ್ಲಿಷ್ ಮುದುಕ ಹಾಗೆ ಹೇಳಿರಲಿಲ್ಲ. ಹಾಗೆಂದವಳು ನಾನು.

ಇಷ್ಟು ಬರೆದ ಮೇಲೆ ಉಳಿದದ್ದೆಲ್ಲ ವಿವರಣೆ. ವಿವರಿಸಹೊರಟರೆ ನೆಪ ಹೇಳಿದಂತೆ ಕೇಳಿಸುತ್ತದೆ ಎಂದು ಹೆದರಿಯೇ ಇಷ್ಟು ವರ್ಷ ಸುಮ್ಮನಿದ್ದೆ. ಈಗ ಹೆದರುವುದಕ್ಕೂ ತ್ರಾಣವಿಲ್ಲ. ನನ್ನ ಸುಳ್ಳನ್ನು ನಾನು ಹೊತ್ತಿದ್ದರೆ ಹೇಗೋ ನಡೆದುಬಿಡುತ್ತಿತ್ತು. ಅದನ್ನು ಬೇರೊಬ್ಬ ತನ್ನ ತಪ್ಪೆಂದು ತಿಳಿದು ಹೊತ್ತುಕೊಂಡು ತಿರುಗುವುದನ್ನು ನೋಡುತ್ತ ಇರುವುದಿದೆಯಲ್ಲ —

ಅವನು ನನ್ನ ಮೈದುನ, ಮಲ್ಲಿಕಾರ್ಜುನ. ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಚಡ್ಡಿ ಹಾಕುವ ಹುಡುಗ. ಕಮಲಾಪುರದಲ್ಲಿ ನಮ್ಮದು ಕೆಂಪು ಬಾಳೆಯ ತೋಟ. ಗುಲಬರ್ಗಾದಲ್ಲಿ — ಕಲಬುರಗಿ ಎನ್ನಲು ನನ್ನ ನಾಲಿಗೆ ಇನ್ನೂ ಒಗ್ಗಿಲ್ಲ — ಸ್ಟೇಶನ್ ಬಜಾರದಲ್ಲಿ ಬಸ್ಸಿನ ಆಫೀಸು. ನನ್ನ ಗಂಡ ಬೇಗ ಹೋದರು. ಬಸ್ಸಿನ ವ್ಯವಹಾರವನ್ನು ಬೆಳೆಸಿದವನು ಮಲ್ಲು. ಕಮಲಾಪುರದ ಮೇಲೆ ಹುಮನಾಬಾದಿಗೆ ಹೋಗುವ ನಮ್ಮ ಬಸ್ಸುಗಳಲ್ಲಿ ಹೆಚ್ಚಿನವು ಯಾರೋ ಓಡಿಸಿ ಬಿಟ್ಟವೇ. ಕೊಳ್ಳುವ ಮೊದಲು ಎಂಜಿನ್ ಚಾಲೂ ಮಾಡಿಸಿ, ಅಂಗೈ ಇಟ್ಟು ನೋಡುತ್ತಿದ್ದ. ಒಮ್ಮೊಮ್ಮೆ ಮೋಸವೂ ಹೋಗುತ್ತಿದ್ದ. ಹೋದರೆ ನಕ್ಕು, ತನ್ನನ್ನೇ ಬೈದುಕೊಂಡು, ಮುಂದಿನದನ್ನು ನೋಡಲು ಹೊರಡುತ್ತಿದ್ದ. ತಾನೇ ನಿರ್ಧರಿಸುವ ಗಂಡಸು ಎಂದರೆ ನನಗೆ ಅವನ ಮುಖವೇ ಎದುರು ಬರುತ್ತಿತ್ತು. ಅವನಿಗೆ ಬಾರದ್ದೆಂದರೆ ಇಂಗ್ಲಿಷ್. ಅದಕ್ಕೆ ನಾನಿದ್ದೆ.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು. ಬಸ್ಸಿನ ದರಕ್ಕಿಂತ ಸ್ವಲ್ಪ ಹೆಚ್ಚು ಕೊಟ್ಟರೆ ವಿಮಾನ ಹತ್ತಬಹುದು ಎಂದು ಎಲ್ಲೆಲ್ಲೂ ಮಾತು. ಹೈದರಾಬಾದಿನ ಇಬ್ಬರು ಪಾಲುದಾರರ ಜೊತೆ ಮಲ್ಲು ಒಂದು ಏರ್‌ಲೈನ್ ಕಂಪನಿ ಶುರು ಮಾಡಿದ. ಫ್ಯಾನಿನ ಚಿಕ್ಕ ವಿಮಾನಗಳು, ಚಿಕ್ಕ ಊರುಗಳು, ಅಗ್ಗದ ಟಿಕೆಟ್ಟು. ಗುಲಬರ್ಗಾದಲ್ಲಿ ರನ್‌ವೇ ಆದ ದಿನ ಮೊದಲು ಇಳಿಯುವುದು ನಮ್ಮದೇ. ಬಸ್ಸಿನ ಆಫೀಸಿನ ಮೇಲಿನ ಹಾಲಿನಲ್ಲಿ ನಾನು ಏರ್ ಹೋಸ್ಟೆಸ್ ಆಗಲಿರುವ ಹುಡುಗಿಯರಿಗೆ ಇಂಗ್ಲಿಷ್ ಕಲಿಸುತ್ತಿದ್ದೆ. ಕುಸನೂರಿನ ಒಬ್ಬಳಂತೂ ‘ವೆಲ್‌ಕಮ್ ಅಬೋರ್ಡ್’ ಎನ್ನುವಾಗ ಪ್ರತಿ ಸಲ ಕೈ ಮುಗಿದುಬಿಡುತ್ತಿದ್ದಳು. ನಾನು ತಿದ್ದಲಿಲ್ಲ. ಚೆಂದವಿತ್ತು.

ಕೊನೆಗೆ ಮಾತು ನಿಂತದ್ದು ವಿಮಾನದ ಮೇಲೆ. ಹೊಸತೋ, ಹಳೆಯದೋ? ಹೊಸತಕ್ಕೆ ಮುಂಗಡ ಕೊಟ್ಟು ಸಾಲಿನಲ್ಲಿ ಕಾಯಬೇಕು, ಆದರೆ ಅದು ಎಣ್ಣೆ ಕಡಿಮೆ ಕುಡಿಯುತ್ತದೆ, ರಿಪೇರಿಯ ಕಾಟವಿಲ್ಲ. ಹಳೆಯ ಎರಡು ಹೈದರಾಬಾದಿನಲ್ಲೇ ನಿಂತಿದ್ದವು. ಬಾಡಿಗೆಗೆ ತಕ್ಷಣ ಸಿಗುತ್ತಿದ್ದವು, ಆದರೆ ವರ್ಷ ವರ್ಷ ಬಿಚ್ಚಿ ಜೋಡಿಸಬೇಕು. ಪಾಲುದಾರರಲ್ಲಿ ಒಬ್ಬರು ಹೊಸತು ಎಂದರು, ಒಬ್ಬರು ಹಳೆಯದು ಎಂದರು. ಗಾಡಿ ಕಂಡವನು ನೀನು, ನೀನೇ ಹೇಳು ಎಂದು ಮಲ್ಲುವಿಗೆ ಬಿಟ್ಟರು.

ಅವನ ಮನಸ್ಸು ಹಳೆಯದರ ಕಡೆಗೇ ಇತ್ತು. ಆದರೂ ತಿಳಿದವರನ್ನು ಕೇಳದೆ ಮುಂದುವರಿಯಲಿಲ್ಲ. ವಿಮಾನ ಪರೀಕ್ಷಿಸುವುದರಲ್ಲೇ ತಲೆ ಬೆಳ್ಳಗಾದ ಒಬ್ಬ ಇಂಗ್ಲಿಷ್ ಎಂಜಿನಿಯರನ್ನು ಕರೆಸಿದ. ಹೊರಡುವಾಗ ನನಗೆ ಹೇಳಿದ: “ವೈನಿ, ನೀವೂ ಬರ್ರಿ. ಬ್ಯಾರೆಯವ್ರ ಇಂಗ್ಲಿಷ್ ಮ್ಯಾಲ ನನಗ ಭರೋಸಾ ಇಲ್ಲ.”

ಆ ಮಾತನ್ನು ನಾನು ಎಷ್ಟು ಸಲ —

ಇರಲಿ.

ಹ್ಯಾಂಗರಿನಲ್ಲಿ ವಿಮಾನ ನಿಂತಿತ್ತು. ಮೇಲೆ ಬಿಳಿ ಬಣ್ಣ ಬಳಿದಿದ್ದರು. ಬಾಗಿ ನೋಡಿದರೆ ಬಣ್ಣದ ಅಡಿಯಲ್ಲಿ ಹಿಂದಿನ ಕಂಪನಿಯ ಹೆಸರಿನ ಅಕ್ಷರಗಳು ಉಬ್ಬಿ ಕಾಣುತ್ತಿದ್ದವು. ಒಳಗೆ ಸೀಟಿನ ಬಟ್ಟೆ ಮಾಸಿತ್ತು. ಯಾರೋ ಮಗುವೊಂದು ಮುಂದಿನ ಸೀಟಿನ ಬೆನ್ನಿಗೆ ಪೆನ್ನಿನಿಂದ ಗೀಚಿತ್ತು. ನನಗೆ ಮೈಯೆಲ್ಲ ಮುದುಡಿದ ಹಾಗಾಯಿತು.

ನಾನು ಕಾನ್ವೆಂಟಿನಲ್ಲಿ ಫ್ರೀಶಿಪ್ ಮೇಲೆ ಓದಿದವಳು. ಅಪ್ಪ ಕೋರ್ಟಿನಲ್ಲಿ ಗುಮಾಸ್ತ. ಪಾಸಾಗಿ ಹೋದ ಹುಡುಗಿಯೊಬ್ಬಳ ಟ್ಯೂನಿಕ್ ಅನ್ನು ಸಿಸ್ಟರ್ ನನಗೆ ಕೊಟ್ಟಿದ್ದರು. ಕುತ್ತಿಗೆಯ ಒಳಪಟ್ಟಿಯಲ್ಲಿ ಕೆಂಪು ದಾರದಿಂದ ಅವಳ ಹೆಸರು ಹೊಲಿದಿತ್ತು, ಡೋರೀನ್ ಎಂದು. ಅವ್ವ ಸೂಜಿಯಿಂದ ದಾರ ಬಿಡಿಸಿದಳು; ತೂತುಗಳು ಉಳಿದವು. ಆ ತೂತುಗಳನ್ನೇ ಓದಿಕೊಂಡು ಕ್ಲಾಸಿನವರು ಇಡೀ ವರ್ಷ ನನ್ನನ್ನು ಡೋರೀನ್ ಎಂದೇ ಕರೆದರು. ಅವರಲ್ಲಿ ಪ್ರಮೀಳಾ ಒಬ್ಬಳು. ಅದೇ ಪ್ರಮೀಳಾ ಆ ದಿನಗಳಲ್ಲಿ ಲೇಡೀಸ್ ಕ್ಲಬ್ಬಿನಲ್ಲಿ ಎಲ್ಲರೆದುರು ನನ್ನನ್ನು ಕೇಳಿದ್ದಳು, ನಿಮ್ಮವು ಬ್ರ್ಯಾಂಡ್ ನ್ಯೂ ತಾನೇ, ಎಂದು. ಅಫ್‌ಕೋರ್ಸ್ ಎಂದಿದ್ದೆ ನಾನು.

ಇದನ್ನೆಲ್ಲ ಕಾರಣವೆಂದು ಬರೆಯುತ್ತಿಲ್ಲ. ಅರವತ್ತು ದಾಟಿದ ಹೆಂಗಸಿಗೆ ಒಂದು ಟ್ಯೂನಿಕ್ ಕಾರಣವಾಗಬಾರದು. ಆ ಕ್ಷಣ ನನ್ನ ತಲೆಯಲ್ಲಿ ಏನಿತ್ತೋ ಅದನ್ನು ಬರೆಯುತ್ತಿದ್ದೇನೆ, ಅಷ್ಟೇ.

ಎಂಜಿನಿಯರ್ ಬಹಳ ಹೊತ್ತು ನೋಡಿದ. ಕೆಳಗೆ ನುಸುಳಿದ, ಮೇಲೆ ಹತ್ತಿದ, ಕೈ ಒರೆಸಿಕೊಳ್ಳುತ್ತ ನಮ್ಮ ಬಳಿ ಬಂದ. ಮಲ್ಲು ವಿಮಾನದ ಮೈಗೆ ಅಂಗೈ ಒತ್ತಿ ನಿಂತಿದ್ದ. ನನ್ನ ಕಡೆ ತಿರುಗಿ, “ನನಗೇನೋ ಚಲೋ ಅನಸ್ತದ ವೈನಿ. ಆದ್ರ ಇದು ಬಸ್ಸಲ್ಲ. ಅವರಿಗೆ ಒಂದೇ ಮಾತು ಕೇಳ್ರಿ — ನಿಮ್ಮ ಮನಿ ಮಂದೀನ ಇದರಾಗ ಕೂಡಿಸ್ತೀರೇನು ಅಂತ” ಎಂದ.

ನಾನು ಕೇಳಿದೆ. ಸರಿಯಾಗಿಯೇ ಕೇಳಿದೆ.

ಮುದುಕ ನಕ್ಕ. “ಐ ವುಡ್ ಪುಟ್ ಮೈ ಗ್ರ್ಯಾಂಡ್‌ಚಿಲ್ಡ್ರನ್ ಇನ್ ಹರ್ ಟುಮಾರೋ” ಎಂದ. ನಾಳೆಯೇ ಬೇಕಾದರೆ ನನ್ನ ಮೊಮ್ಮಕ್ಕಳನ್ನು ಕೂರಿಸುತ್ತೇನೆ, ಇದನ್ನು ನೋಡಿಕೊಂಡವರು ಪ್ರೀತಿಯಿಂದ ನೋಡಿಕೊಂಡಿದ್ದಾರೆ, ಎಂದ. ಖರ್ಚು ಬರುತ್ತದೆ, ಆದರೆ ದುಡಿಯುತ್ತದೆ. ಕೈಗೆ ಬಾರದ ಹೊಸ ವಿಮಾನ ಯಾರನ್ನೂ ಎಲ್ಲಿಗೂ ಒಯ್ಯುವುದಿಲ್ಲ, ಮೇಡಂ — ಅದನ್ನೂ ಹೇಳಿದ.

ಮಲ್ಲು ನನ್ನ ಬಾಯಿಯನ್ನೇ ನೋಡುತ್ತಿದ್ದ. “ಏನಂತಾರ್ರೀ?”

“ಪಕ್ಕಾ ಹೇಳಾಕ ಬರಂಗಿಲ್ಲ ಅಂತಾರ ಮಲ್ಲೂ.”

ಇಷ್ಟೇ. ಕೆಟ್ಟಿದೆ ಎನ್ನಲಿಲ್ಲ, ಅಪಾಯ ಎನ್ನಲಿಲ್ಲ. ದೊಡ್ಡ ಸುಳ್ಳು ಹೇಳಲು ಧೈರ್ಯ ಬೇಕು. ನನ್ನದು ಅಷ್ಟೂ ಧೈರ್ಯವಿಲ್ಲದವಳ ಸುಳ್ಳು. ಮುದುಕ ನಗುತ್ತಲೇ ಇದ್ದ. ಆ ನಗುವನ್ನು ನೋಡಿಯಾದರೂ ಮಲ್ಲು ಅನುಮಾನಿಸಬಹುದಿತ್ತು. ಅನುಮಾನಿಸಲಿಲ್ಲ — ಹೇಳಿದವಳು ನಾನಲ್ಲವೇ. ಅವನು ಕೈ ತೆಗೆದ. “ಹಂಗಾದ್ರ ಬ್ಯಾಡ. ಮಂದಿ ಜೀವದ್ದು” ಎಂದ.

ಎಂಜಿನಿಯರನ ಬರಹದ ವರದಿ ಆಮೇಲೆ ಬಂತು. ಅಷ್ಟರಲ್ಲಿ ಹೊಸತಕ್ಕೆ ಮುಂಗಡ ಹೋಗಿತ್ತು. ಯಾರೂ ಅದನ್ನು ಓದುವ ಗೋಜಿಗೆ ಹೋಗಲಿಲ್ಲ.

ಮುಂದಿನದು ಊರಿಗೆಲ್ಲ ಗೊತ್ತು. ನಮ್ಮ ಸರದಿ ಹಿಂದೆ ಹಿಂದೆ ಸರಿಯಿತು. ಪೈಲಟ್‌ಗಳು ಕೂತು ಸಂಬಳ ತೆಗೆದುಕೊಂಡರು, ಆಮೇಲೆ ಎದ್ದು ಹೋದರು. ಹುಡುಗಿಯರು ಒಬ್ಬೊಬ್ಬರಾಗಿ ಬರುವುದನ್ನು ಬಿಟ್ಟರು. ಕೈ ಮುಗಿಯುತ್ತಿದ್ದವಳು ಕೊನೆಯವರೆಗೆ ಬಂದಳು. ವಿಮಾನವಿಲ್ಲದ ಕಂಪನಿಗೆ ಸರ್ಕಾರ ಕೊಟ್ಟ ಅನುಮತಿಯೂ ಮುಗಿಯಿತು. ಪಾಲುದಾರರು ಕೈ ಝಾಡಿಸಿಕೊಂಡರು. ಮಲ್ಲು ಬಸ್ಸುಗಳನ್ನು ಒಂದೊಂದಾಗಿ ಮಾರಿದ, ಸ್ಟೇಶನ್ ಬಜಾರದ ಆಫೀಸನ್ನೂ ಬಿಟ್ಟು ಕಮಲಾಪುರ ಸೇರಿದ. ಗುಲಬರ್ಗಾದ ರೋಜಾ ಓಣಿಯ ಟೈರಿನ ಅಂಗಡಿಯವನು ಈಗಲೂ ಅವನನ್ನು ಕಂಡರೆ “ಆಯಿಯೇ ಪೈಲಟ್ ಸಾಬ್” ಎಂದು ಕುರ್ಚಿ ಹಾಕುತ್ತಾನೆ. ಮಲ್ಲುವಿನ ಹೆಂಡತಿ ಶರಣಮ್ಮ ಬಂದ ನೆಂಟರ ಮುಂದೆಲ್ಲ, “ವಿಮಾನ ಹಾರಿಸ್ತೀನಂತ ಹೋಗಿ ಬಸ್ಸೆಲ್ಲಾ ಹಾರಿಸಿ ಬಂದಾರ ನಮ್ಮ ಮನಿಯವ್ರು” ಎನ್ನುತ್ತಾಳೆ. ನೆಂಟರು ನಗುತ್ತಾರೆ. ಮಲ್ಲುವೂ ನಗುತ್ತಾನೆ. ನಾನೂ — ಹೌದು, ನಾನೂ ನಕ್ಕಿದ್ದೇನೆ.

ಹೇಳಬಹುದಾದ ಒಂದು ಹೊತ್ತು ಬಂದಿತ್ತು. ಆ ಎರಡು ಹಳೆಯ ವಿಮಾನಗಳನ್ನು ಬೇರೆ ಕಂಪನಿಯವರು ಒಯ್ದು, ಒಂದು ತೊಂದರೆಯೂ ಇಲ್ಲದೆ ವರ್ಷಗಟ್ಟಲೆ ಹಾರಿಸಿದರು. ಆ ಸುದ್ದಿ ತಿಳಿದ ದಿನ ಮಲ್ಲು ತೋಟದ ಕಟ್ಟೆಯ ಮೇಲೆ ನನ್ನ ಪಕ್ಕ ಬಂದು ಕೂತ. “ಆ ಮುದುಕ ಪಾಪ, ಹೇಳಾಕ ಬರಂಗಿಲ್ಲ ಅಂದಿದ್ದ. ಅವನರ ಏನ್ ಮಾಡ್ಯಾನು ವೈನಿ. ತಿಳಿದವ್ರಿಗೂ ಒಮ್ಮೊಮ್ಮೆ ತಿಳಿಯಂಗಿಲ್ಲ” ಎಂದ.

ಅವನ ಮಾತಿನಲ್ಲಿ ದೂರು ಇರಲಿಲ್ಲ. ತನ್ನನ್ನು ಮುಳುಗಿಸಿದವನೆಂದು ತಿಳಿದವನನ್ನು ಅವನು ಅಲ್ಲಿ ಕೂತು ಕ್ಷಮಿಸುತ್ತಿದ್ದ. ಆ ಕ್ಷಮೆ ಯಾರಿಗೆ ಸಲ್ಲಬೇಕಿತ್ತೋ ಅವಳು ಪಕ್ಕದಲ್ಲೇ ಕೂತಿದ್ದಳು. ನಾನು “ಒಳಗ ನಡಿ, ಚಾ ಆಗ್ಯದ” ಎಂದೆ.

ಆಗ ನಾನು ಅವನ ಬಸ್ಸುಗಳನ್ನು ಕಳೆದೆ ಎಂದುಕೊಂಡಿದ್ದೆ. ಕಳೆದದ್ದು ಅದಕ್ಕಿಂತ ಹೆಚ್ಚಿನದೆಂದು ತಿಳಿದದ್ದು ಹೋದ ತಿಂಗಳು, ಗುಲಬರ್ಗಾದಿಂದ ತೋಟಕ್ಕೆ ಹೋಗಿದ್ದಾಗ. ಮಲ್ಲುವಿನ ಮಗ ಶಿವು ಮತ್ತೆ ಬಸ್ಸು ಹಾಕುತ್ತಿದ್ದಾನೆ — ಒಂದೇ ಬಸ್ಸು, ಅದೇ ಹುಮನಾಬಾದ ರಸ್ತೆ. ಮಾರುವವರು ಗಾಡಿಯನ್ನು ತೋಟದ ಬಾಗಿಲಿಗೇ ತಂದು ನಿಲ್ಲಿಸಿದ್ದರು. ಮಲ್ಲು ಒಳಗಿನ ಕೋಣೆಯಲ್ಲಿ ಕೂತಿದ್ದ. ಅಪ್ಪನನ್ನು ಒಮ್ಮೆ ಕರೆದು ತೋರಿಸು ಎಂದು ನಾನು ಶಿವುಗೆ ಹೇಳಿದೆ.

“ಅಪ್ಪಗ ಯಾಕ ಕೇಳಬೇಕು ದೊಡ್ಡವ್ವ? ಅವರ ಲೆಕ್ಕ ಒಮ್ಮೆ ನೋಡೀವಲ್ಲ” ಎಂದ ಶಿವು. ಕೆಟ್ಟ ಹುಡುಗನಲ್ಲ. ಬಸ್ಸುಗಳು ಹೋದ ವರ್ಷ ಕಾಲೇಜು ಅರ್ಧಕ್ಕೆ ಬಿಟ್ಟವನು.

ನಾನು ಒಳಗೆ ಹೋಗಿ ಮಲ್ಲುವನ್ನೇ ಕರೆದೆ. ಹೊರಗೆ ಎಂಜಿನ್ ಓಡುತ್ತಿತ್ತು. ಆ ಸದ್ದಿನ ಕಡೆಗೆ ಅವನ ತಲೆ ವಾಲಿತ್ತು, ಕೇಳುತ್ತಿದ್ದ — ಆದರೆ ಏಳಲಿಲ್ಲ. “ಬ್ಯಾಡ್ರಿ ವೈನಿ. ನನಗ ತಿಳಿಯಂಗಿಲ್ಲ” ಎಂದ.

ಜೀವಮಾನದಲ್ಲಿ ಅವನ ಬಾಯಲ್ಲಿ ಆ ಮಾತು ಕೇಳಿರಲಿಲ್ಲ. ಸುಳ್ಳು ಹೇಳಿದವಳು ನಾನು, ತನ್ನ ಮೇಲಿನ ನಂಬಿಕೆ ಕಳೆದುಕೊಂಡವನು ಅವನು. ಗಾಡಿ ಎಂಥದೆಂದು ಅವನಿಗೆ ತಿಳಿಯುತ್ತಿತ್ತು. ಹ್ಯಾಂಗರಿನಲ್ಲಿ ಆ ದಿನವೂ ತಿಳಿದಿತ್ತು. ಇದನ್ನು ಹೇಳಬಲ್ಲವಳು ಭೂಮಿಯ ಮೇಲೆ ನಾನೊಬ್ಬಳೇ ಉಳಿದಿರುವುದು, ನನಗೂ ಹೆಚ್ಚು ದಿನಗಳಿಲ್ಲ.

ಮೊದಲು ಇದನ್ನು ಇಂಗ್ಲಿಷಿನಲ್ಲಿ ಬರೆಯಲು ಕೂತಿದ್ದೆ. ಚೆನ್ನಾಗಿಯೇ ಬಂತು, ‘ಗಿಲ್ಟ್’, ‘ರಿಮೋರ್ಸ್’ ಎಲ್ಲ ಅದರದರ ಜಾಗದಲ್ಲಿ ಕೂತವು. ಆಮೇಲೆ ಹೊಳೆಯಿತು — ಅದನ್ನು ಮಲ್ಲುವಿಗೆ ಓದಿ ಹೇಳಬೇಕಾದವಳು ಮತ್ತೆ ನಾನೇ. ಹರಿದು ಹಾಕಿದೆ.

ಇದನ್ನು ಪತ್ರಿಕೆಗೆ ಕೊಡುತ್ತಿದ್ದೇನೆ; ಅಚ್ಚಾಗುವ ಮೊದಲು ಕಮಲಾಪುರಕ್ಕೆ ಹೋಗುತ್ತೇನೆ. ಮಲ್ಲು ಏನೆನ್ನುತ್ತಾನೆಂದು ನನಗೆ ಗೊತ್ತು. ಅರ್ಧ ಕೇಳುವಷ್ಟರಲ್ಲೇ “ಹೋಗ್ಲಿ ಬಿಡ್ರಿ ವೈನಿ” ಎನ್ನುತ್ತಾನೆ, ಶರಣಮ್ಮನಿಗೆ ಗೊತ್ತಾಗದಿರಲೆಂದು ದನಿ ತಗ್ಗಿಸುತ್ತಾನೆ. ಆ ಮಾತನ್ನು ತೆಗೆದುಕೊಂಡು ನಾನು ಎದ್ದು ಬಂದುಬಿಡಬಾರದು. ಕೂತಿರಬೇಕು. ಶಿವು ಬಸ್ಸು ನಿಲ್ಲಿಸಿ ಒಳಗೆ ಬರುವವರೆಗೆ ಅಲ್ಲೇ ಕೂತಿದ್ದು, ಅವನ ಎದುರಿಗೆ, ಅವನ ಅವ್ವನ ಎದುರಿಗೆ, ಮೊದಲಿನಿಂದ ಇನ್ನೊಮ್ಮೆ ಹೇಳಬೇಕು.