ರಾಮದುರ್ಗದಾಕಿಯ ಕಿಡ್ನಿ

ಎಲೆಯಡಿಕೆ ಹಾಕುವವರ ಚಂಚಿಯಲ್ಲಿ ಏನೇನಿರುತ್ತದೆ? ಎಲೆ, ಅಡಿಕೆ, ಸುಣ್ಣದ ಡಬ್ಬಿ. ಬೈಲಹೊಂಗಲದ ನಮ್ಮ ಚಿಗವ್ವನ ಚಂಚಿಯಲ್ಲಿ ಕಳೆದ ವಾರ ನನಗೆ ಸಿಕ್ಕಿದ್ದು ಗುಳಿಗೆಗಳು. ಅರ್ಧ ಕರಗಿ ಒಣಗಿದವು, ಒಂದು ಹಿಡಿಯಷ್ಟು.

ಚಿಗವ್ವನ ಎರಡೂ ಕಿಡ್ನಿ ಕೈಕೊಟ್ಟು ಬಹಳ ವರ್ಷಗಳಾದವು. ಸ್ವಂತ ಮಕ್ಕಳದು ಹೊಂದಲಿಲ್ಲ. (ಒಬ್ಬ ಮಗ ಟೆಸ್ಟಿಗೇ ಬರಲಿಲ್ಲ, ಆ ಮಾತು ಬೇರೆ.) ಕೊಟ್ಟವಳು ಸೊಸೆ ಗಿರಿಜಾ. ಅಂದಿನಿಂದ ಚಿಗವ್ವ ಗಟ್ಟಿಮುಟ್ಟಾಗಿ ಓಡಾಡಿಕೊಂಡಿದ್ದಳು. ಆದರೆ ಸೊಸೆಯನ್ನು ಒಂದು ದಿನವೂ ಹೆಸರು ಹಿಡಿದು ಕರೆದವಳಲ್ಲ. ಮದುವೆಯಾಗಿ ಬಂದಾಗ ತವರೂರು ಹಿಡಿದು ‘ರಾಮದುರ್ಗದಾಕಿ’. ಕಿಡ್ನಿ ಕೊಟ್ಟ ಮೇಲೂ ‘ರಾಮದುರ್ಗದಾಕಿ’.

ಈಚೆಗೆ ಚಿಗವ್ವನ ಕಾಲು ಬಾತಿವೆ ಎಂದು ಫೋನ್ ಬಂತು. ಹೋದೆ. ನಾನು ಕೂತ ಕೂಡಲೇ ಚಿಗವ್ವ ಬಾಗಿಲ ಕಡೆ ನೋಡಿ ದನಿ ಇಳಿಸಿದಳು. ಸೊಸೆ ದಿನಾ ಗುಳಿಗೆ ತಂದು, ನುಂಗುವ ತನಕ ಎದುರಿಗೇ ನಿಲ್ಲುತ್ತಾಳಂತೆ. ಆರಾಮಾದವರಿಗೆ ಗುಳಿಗೆ ಯಾಕೆ? ಕಿಡ್ನಿ ಕೊಟ್ಟದ್ದಕ್ಕೆ ಹೊಟ್ಟೆ ಉರಿದು ಈಗ ಏನಾದರೂ ಬೆರೆಸುತ್ತಿದ್ದಾಳೋ ಏನೋ, ಯಾರಿಗೆ ಗೊತ್ತು?

ನಿಜ ಹೇಳಬೇಕೆಂದರೆ ನನಗೂ ಅನುಮಾನ ಬಂತು. ಗುಳಿಗೆ ಸರಿಯಾಗಿ ಕೊಡುತ್ತಿದ್ದರೆ ಕಾಲು ಯಾಕೆ ಬಾತುಕೊಳ್ಳುತ್ತವೆ? ರೊಟ್ಟಿ ಬಡಿಯುತ್ತಿದ್ದ ಗಿರಿಜಾಳ ಬೆನ್ನನ್ನೇ ಪೊಲೀಸರ ಹಾಗೆ ನೋಡುತ್ತ ಕೂತೆ.

ಊಟ ಮುಗಿಯಿತು. ಒಂದು ಹೋಳು ಅಡಿಕೆಗೆಂದು ಚಿಗವ್ವನ ಚಂಚಿಗೆ ಕೈಹಾಕಿದೆ. ಗುಳಿಗೆ ಸಿಕ್ಕಿದ್ದು ಆಗಲೇ. ಚಿಗವ್ವ ಅವನ್ನು ನಾಲಗೆಯ ಕೆಳಗೆ ಒತ್ತಿಟ್ಟುಕೊಂಡು, ಸೊಸೆ ಆಚೆ ಹೋದ ಮೇಲೆ ಉಗುಳಿ, ಚಂಚಿ ಸೇರಿಸುತ್ತಿದ್ದಳು. ಯಾಕೆ ಹೀಗೆ ಮಾಡಿದೆ ಎಂದು ಕೇಳಿದೆ.

“ಇಷ್ಟು ವರ್ಷ ನಮ್ಮ ಮನಿ ರೊಟ್ಟಿ ತಿಂದೈತಿ ತಮ್ಮಾ, ಇನ್ನೂ ಅದು ನಮ್ಮದಾಗಿಲ್ಲೇನು?” ಎಂದಳು, ಕಿಡ್ನಿ ಕೂರಿಸಿದ್ದ ಹೊಟ್ಟೆಯ ಬಲಗಡೆ ಕೈಯಿಟ್ಟು.

ಮರುದಿನ ಬೆಳಗಾವಿಗೆ ಕರೆದೊಯ್ದೆವು. ಡಾಕ್ಟರ್ ರಿಪೋರ್ಟ್ ನೋಡಿ ಹುಬ್ಬು ಗಂಟಿಕ್ಕಿದರು. ಫಾರಿನ್‌ನಲ್ಲಿ ಈಗ ಕಿಡ್ನಿಯಷ್ಟೇ ಅಲ್ಲ, ಕರುಳನ್ನೂ ಹೊಟ್ಟೆಯ ಗೋಡೆಯ ಸಮೇತ ಕಸಿ ಮಾಡುತ್ತಾರಂತೆ. ಆದರೆ ಹಾಕುವುದು ಒಂದು ದಿನದ ಕೆಲಸ, ವರ್ಷಗಟ್ಟಲೆ ಉಳಿಸಿಕೊಳ್ಳುವುದೇ ಕಷ್ಟ ಅಂದರು. ಕರುಳಾಗಲಿ ಕಿಡ್ನಿಯಾಗಲಿ, ಹೊರಗಿನಿಂದ ಬಂದದ್ದನ್ನು ಮೈ ಕೊನೆತನಕ ಸಂಶಯದಿಂದಲೇ ನೋಡುತ್ತದಂತೆ. ಆ ಸಂಶಯ ಅಡಗಿಸಿಡುವುದೇ ಈ ಗುಳಿಗೆ, ಬಿಟ್ಟರೆ ಜಗಳ ಶುರು. ಈ ಕಿಡ್ನಿ ಉಳಿಯುತ್ತದೋ ಇಲ್ಲವೋ ಈಗಲೇ ಹೇಳಲಾರೆ, ಹೋದರೆ ಮತ್ತೆ ಡಯಾಲಿಸಿಸ್ಸೇ ಗತಿ ಎಂದರು.

ಮನೆಗೆ ಬಂದ ಕೂಡಲೇ ಗಿರಿಜಾ ಗುಳಿಗೆಯ ಪಟ್ಟಿ ತೆಗೆದಳು. ಗುಳಿಗೆ ಬಿಡಿಸಿ, ನೀರಿನ ಲೋಟ ಹಿಡಿದು ಅತ್ತೆಯ ಎದುರಿಗೆ ನಿಂತಳು. ಅವಳ ಬೆನ್ನು ಕಾದು ಕೂತಿದ್ದ ನನಗೆ ನಾಚಿಕೆಯಾಯಿತು. ಚಿಗವ್ವ ನುಂಗಿದಳು. ಬಾಯಿ ತೆರೆದು ನನಗೆ ತೋರಿಸಿಯೂ ತೋರಿಸಿದಳು. ಆಮೇಲೆ ನನ್ನತ್ತ ಬಾಗಿದಳು.

“ನೀ ಇರೂತನಕ ನುಂಗತೇನಿ. ರಾಮದುರ್ಗದಾಕಿನ್ನ ನಂಬಾಕ ಆಗೂದಿಲ್ಲ.”

ರೊಟ್ಟಿ ತಿಂದ ಕಿಡ್ನಿ ‘ನಮ್ಮದು’ ಆಗಿಹೋಯಿತು. ಅದನ್ನು ಕೊಟ್ಟವಳು ನಮ್ಮವಳಾಗಲು ಇನ್ನೆಷ್ಟು ವರ್ಷ ಆ ಮನೆಯ ರೊಟ್ಟಿ ಬಡಿಯಬೇಕು?